ಹಾರ್ಮೋನ್ ರಿಪೋರ್ಟು ಜಾತಕವಲ್ಲ

ಕಿವಿಯಲ್ಲಿ ಯಾರೋ ಬೈಯುತ್ತಾರೆ, ಪಕ್ಕದ ಮನೆಯವರು ಸಂಚು ಹೂಡಿದ್ದಾರೆ ಎಂದು ಪ್ರಾಯದ ಮಗ ಹೇಳತೊಡಗಿದರೆ ಅದು ಸೈಕೋಸಿಸ್‌ನ ಆರಂಭವಿರಬಹುದು. ಹಿಂದೆ ಗಾಳಿ ಸೋಕಿದೆ ಎನ್ನುತ್ತಿದ್ದೆವು, ಈಗ ಹಾರ್ಮೋನ್ ಏರುಪೇರು ಎನ್ನುತ್ತೇವೆ. ಎರಡನ್ನೂ ನಂಬಿ ಕೂತವರಲ್ಲಿ ನಾವೂ ಇದ್ದೆವು.

1. ತಪ್ಪು ಕಲ್ಪನೆ: ವಯಸ್ಸಿನ ಉಷ್ಣ ತಲೆಗೇರಿದೆ, ಮದುವೆ ಮಾಡಿದರೆ ಸರಿಹೋಗುತ್ತದೆ.

ವಾಸ್ತವ: ಈ ಕಾಯಿಲೆ ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಸುಪಾಸಿನಲ್ಲಿ. ನಂಬಿಕೆ ಹುಟ್ಟಿದ್ದು ಹಾಗೆ. ಆದರೆ ಮದುವೆ ಔಷಧವಲ್ಲ. ಹೆಣ್ಣು ನೋಡುತ್ತ ಆರು ತಿಂಗಳು ಕಳೆದರೆ ಅದು ಚಿಕಿತ್ಸೆಯಿಲ್ಲದ ಆರು ತಿಂಗಳು. ಆ ಅವಧಿ ಬೆಳೆದಷ್ಟೂ ಚೇತರಿಕೆ ಕಷ್ಟವಾಗುತ್ತದೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

2. ತಪ್ಪು ಕಲ್ಪನೆ: ಬಾಣಂತಿ ಸನ್ನಿ ಬರುವುದು ಶೀತಗಾಳಿಯಿಂದ, ಕಿವಿಗೆ ಹತ್ತಿಯಿಟ್ಟು ಬೆಚ್ಚಗೆ ಮಲಗಿಸಿದರೆ ಇಳಿಯುತ್ತದೆ.

ವಾಸ್ತವ: ಇದೂ ಒಂದು ಬಗೆಯ ಸೈಕೋಸಿಸ್. ಹೆರಿಗೆಯಾದ ಕೂಡಲೇ ಈಸ್ಟ್ರೋಜೆನ್ ಹಾರ್ಮೋನ್ ಕುಸಿಯುತ್ತದೆ, ನಿಜ. ಆದರೆ ಆ ಕುಸಿತ ಎಲ್ಲ ಬಾಣಂತಿಯರಿಗೂ ಆಗುತ್ತದೆ, ಸನ್ನಿ ಬರುವುದು 1000 ಹೆರಿಗೆಗಳಲ್ಲಿ 1-2ರಲ್ಲಿ ಮಾತ್ರ. ಹಾಗಾಗಿ ಹಾರ್ಮೋನ್ ಒಂದೇ ಕಾರಣವಲ್ಲ. ಇದು ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯವಿರುವ ತುರ್ತುಸ್ಥಿತಿ. ಅಂದೇ ಆಸ್ಪತ್ರೆಗೆ ಒಯ್ಯಬೇಕು. ಬೇಗ ಚಿಕಿತ್ಸೆ ಸಿಕ್ಕವರಲ್ಲಿ ಬಹುತೇಕರು ಗುಣವಾಗುತ್ತಾರೆ.

3. ತಪ್ಪು ಕಲ್ಪನೆ: ಒತ್ತಡದ ಹಾರ್ಮೋನ್ ಹೆಚ್ಚಿದ್ದರೆ ಔಷಧ ನಾಟುವುದಿಲ್ಲ, ಒಂದು ರಕ್ತಪರೀಕ್ಷೆಯಲ್ಲೇ ಭವಿಷ್ಯ ತಿಳಿಯುತ್ತದೆ.

ವಾಸ್ತವ: ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ದಿನವಿಡೀ ಒಂದೇ ಮಟ್ಟದಲ್ಲಿರುವುದಿಲ್ಲ. ನಿದ್ದೆಯಿಂದ ಎದ್ದ ಅರ್ಧ-ಮುಕ್ಕಾಲು ಗಂಟೆಯಲ್ಲಿ ಜಿಗಿದು, ರಾತ್ರಿಯ ಹೊತ್ತಿಗೆ ಇಳಿದಿರುತ್ತದೆ. ಸಂಶೋಧಕರಿಗೆ ಬೇಕಾದದ್ದು ಆ ಜಿಗಿತದ ಅಳತೆ. ಅದಕ್ಕಾಗಿ ಹಲ್ಲುಜ್ಜದೆ, ಕಾಫಿ ಮುಟ್ಟದೆ, ಗಡಿಯಾರ ನೋಡುತ್ತ ಪುಟ್ಟ ನಳಿಕೆಗಳಲ್ಲಿ ಎಂಜಲು ಹಿಡಿದಿಡಬೇಕು. ಲಂಡನ್‌ನಲ್ಲಿ ವಲೇರಿಯಾ ಮೊಂಡೆಲಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೈಕೋಸಿಸ್ ರೋಗಿಗಳ ಪೈಕಿ 12 ವಾರಗಳ ಚಿಕಿತ್ಸೆಗೆ ಜಗ್ಗದವರಲ್ಲಿ ಈ ಜಿಗಿತ ಮೊದಲೇ ಮಂಕಾಗಿತ್ತು, ಉರಿಯೂತದ ಕೆಲವು ಸೂಚಕಗಳು ಏರಿದ್ದವು. ನಾವು ಅಂದುಕೊಂಡದ್ದೇ ತಿರುಗುಮುರುಗು! ಅದೂ ಗುಂಪಿನ ಸರಾಸರಿ. ಒಬ್ಬ ರೋಗಿಯ ಮುಂದಿನ ಹಾದಿಯನ್ನು ಅದರಿಂದ ಓದಲಾಗದು.

4. ತಪ್ಪು ಕಲ್ಪನೆ: ಸೈಕೋಸಿಸ್ ಮಾತ್ರೆ ಶುರುವಾದ ಮೇಲೆ ಮುಟ್ಟು ನಿಂತರೆ, ಎದೆಹಾಲು ಜಿನುಗಿದರೆ ಔಷಧ ವಿಷವಾಗಿದೆ, ನಿಲ್ಲಿಸಿಬಿಡಬೇಕು.

ವಾಸ್ತವ: ಪ್ರೊಲ್ಯಾಕ್ಟಿನ್ ಹಾರ್ಮೋನಿಗೆ ಮಿದುಳಿನ ರಾಸಾಯನಿಕ ಡೋಪಮಿನ್ ಲಗಾಮು ಹಾಕಿರುತ್ತದೆ. ರಿಸ್ಪೆರಿಡೋನ್‌ನಂಥ ಮಾತ್ರೆ ಡೋಪಮಿನ್‌ಗೆ ಅಡ್ಡ ನಿಂತಾಗ ಲಗಾಮು ಸಡಿಲಾಗಿ ಪ್ರೊಲ್ಯಾಕ್ಟಿನ್ ಏರುತ್ತದೆ. ಮುಟ್ಟು ನಿಲ್ಲುವುದು, ಹಾಲು ಜಿನುಗುವುದು ಅದರಿಂದಲೇ. ಇದು ವಿಷವಲ್ಲ, ಔಷಧ ಫಲಿಸುತ್ತಿದೆ ಎಂಬುದಕ್ಕೆ ಸಾಕ್ಷಿಯೂ ಅಲ್ಲ. ಹಾಗೆಂದು ಸಹಿಸಿಕೊಂಡಿರಬೇಕಿಲ್ಲ. ವೈದ್ಯರು ಪ್ರಮಾಣ ಇಳಿಸಬಹುದು, ಅರಿಪಿಪ್ರಜೋಲ್‌ನಂಥ ಬೇರೆ ಮಾತ್ರೆ ಕೊಡಬಹುದು. ನಾವಾಗಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು.

5. ತಪ್ಪು ಕಲ್ಪನೆ: ಹಾಗಾದರೆ ಹಾರ್ಮೋನ್ ಪರೀಕ್ಷೆಯೆಲ್ಲ ದುಡ್ಡು ಕೀಳುವ ದಂಧೆ.

ವಾಸ್ತವ: ಅಲ್ಲ. ಥೈರಾಯ್ಡ್ ಕುಂದಿದರೂ ಭ್ರಮೆ ಕಾಣಿಸಿಕೊಳ್ಳಬಹುದು. ಬ್ರಿಟನ್ನಿನ ವೈದ್ಯ ರಿಚರ್ಡ್ ಆಶರ್ 1949ರಲ್ಲಿ ಅಂಥ 14 ರೋಗಿಗಳ ವಿವರ ಬರೆದರು. ಥೈರಾಯ್ಡ್ ಔಷಧ ಕೊಟ್ಟಾಗ ಹೆಚ್ಚಿನವರು ಚೇತರಿಸಿಕೊಂಡರು. ಥೈರಾಯ್ಡ್ ಪರೀಕ್ಷೆ ಭವಿಷ್ಯ ಹೇಳದು, ಕಾರಣ ಹುಡುಕುತ್ತದೆ.

ಎಲ್ಲಿಗೆ ಹೋಗುವುದೆಂದು ತೋಚದಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಜೊತೆಗೆ ಮಗನ ನಡೆನುಡಿ ಬದಲಾದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ. ಹಾರ್ಮೋನಿನ ಅಂಕಿ ನಮ್ಮ ಕೈಯಲ್ಲಿಲ್ಲ, ಆ ದಿನದಿಂದ ಆಸ್ಪತ್ರೆಯ ಬಾಗಿಲಿನವರೆಗಿನ ಅಂತರ ಇದೆ.