ಯಾತ್ರೆಗೆ ಹೊರಡುವ ಮುನ್ನ: ಮನೆಗೆ ವೈರ್‌ಲೆಸ್ ಅಲಾರಂ ಸ್ವತಃ ಅಳವಡಿಸಿಕೊಳ್ಳುವ ಬಗೆ

ಶ್ರವಣಬೆಳಗೊಳದ ಶ್ರೀ ಬಾಹುಬಲಿ ಸ್ವಾಮಿಗೆ ಮಹಾಮಸ್ತಕಾಭಿಷೇಕ ನಡೆಯುವುದು ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ. ಹಿಂದಿನದು 2018ರಲ್ಲಿ ಆಯಿತು. ಇಂಥ ಸಂದರ್ಭದಲ್ಲೂ ಎಷ್ಟೋ ಮನೆಗಳಲ್ಲಿ ಒಬ್ಬ ಹಿರಿಯರು “ನೀವೆಲ್ಲ ಹೋಗಿ ಬನ್ನಿ, ಮನೆಗೊಂದು ಜನ ಬೇಕಲ್ಲ” ಎಂದು ಉಳಿದುಬಿಡುತ್ತಾರೆ. ಎಪ್ಪತ್ತು ದಾಟಿದವರಿಗೆ ಇನ್ನೊಂದು 12 ವರ್ಷ ಕಾಯುವುದು ಸಣ್ಣ ಮಾತಲ್ಲ. ದಶಲಕ್ಷಣ ಪರ್ವದ ಹತ್ತು ದಿನವೂ ಇದೇ ಕಥೆ. ಮನೆಮಂದಿಯೆಲ್ಲ ಬಸದಿಗೆ ಹೋದರೆ ಮನೆಗೆ ಬೀಗ.

ಹಳೆಯ ಮನೆಗಳ ಗೃಹ ಚೈತ್ಯಾಲಯದಲ್ಲಿ ಅಜ್ಜ, ಮುತ್ತಜ್ಜ ಪೂಜಿಸಿದ ಪಂಚಲೋಹದ ಜಿನಬಿಂಬಗಳಿರುತ್ತವೆ. ಕಳೆದುಹೋದ ಒಡವೆಗೆ ವಿಮೆಯ ಹಣ ಬರಬಹುದು, ತಲೆಮಾರುಗಳ ಪೂಜೆ ಕಂಡ ಬಿಂಬಕ್ಕೆ ಬದಲಿ ಇಲ್ಲ. 2013ರ ಜುಲೈನಲ್ಲಿ ಮೂಡುಬಿದಿರೆಯ ಗುರು ಬಸದಿಯಲ್ಲಿ ಅಮೂಲ್ಯ ಜಿನಬಿಂಬಗಳು ಕಳವಾದಾಗ ಸಮಾಜವೇ ತಲ್ಲಣಿಸಿತ್ತು. ಬಸದಿಗಾದ ಪಾಠ ಮನೆಗೂ ಅನ್ವಯಿಸುತ್ತದೆ.

ಏನೇನು ಬೇಕು?

ವೈರ್‌ಲೆಸ್ ಅಲಾರಂನಲ್ಲಿ ನಾಲ್ಕು ಮುಖ್ಯ ಭಾಗಗಳಿವೆ: ಮುಖ್ಯ ಪೆಟ್ಟಿಗೆ ಅಂದರೆ ಪ್ಯಾನೆಲ್, ಬಾಗಿಲಿನ ಸೆನ್ಸರ್, ಓಡಾಟ ಗುರುತಿಸುವ ಸೆನ್ಸರ್ ಮತ್ತು ಸೈರನ್. ಸೆನ್ಸರ್‌ಗಳು ಬ್ಯಾಟರಿಯಿಂದ ನಡೆದು ರೇಡಿಯೋ ಸಂಕೇತದ ಮೂಲಕ ಪ್ಯಾನೆಲ್‌ಗೆ ಸುದ್ದಿ ಮುಟ್ಟಿಸುತ್ತವೆ. ಆದ್ದರಿಂದ ಗೋಡೆ ಕೊರೆದು ತಂತಿ ಎಳೆಯುವ ಕೆಲಸವಿಲ್ಲ. ಸಾಧಾರಣ ಸೆಟ್ ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ.

ಕೊಳ್ಳುವಾಗ ಮೂರು ವಿಷಯ ಕೇಳಿ. ಪ್ಯಾನೆಲ್‌ನೊಳಗೆ ಬ್ಯಾಕಪ್ ಬ್ಯಾಟರಿ ಇದೆಯೇ? ವೈಫೈ ಜೊತೆಗೆ ಸಿಮ್ ಹಾಕುವ ಸೌಲಭ್ಯ ಇದೆಯೇ? ಆ ಸಿಮ್ 4ಜಿಯೋ, 2ಜಿಯೋ? ಕರೆಂಟ್ ಹೋದರೆ ರೂಟರ್ ನಿಲ್ಲುತ್ತದೆ, ಆಗ ವೈಫೈ ಮಾತ್ರ ನಂಬಿದ ಅಲಾರಂ ಫೋನಿಗೆ ಸುದ್ದಿ ಕಳಿಸಲಾರದು. 2ಜಿ ಮಾತ್ರ ಇರುವ ಪ್ಯಾನೆಲ್‌ಗೆ ಜಿಯೋ ಸಿಮ್ ಹಾಕಿದರೆ ನಡೆಯುವುದಿಲ್ಲ, ಏಕೆಂದರೆ ಜಿಯೋಗೆ 2ಜಿ ಜಾಲವೇ ಇಲ್ಲ.

ಅಳವಡಿಸುವ ಕ್ರಮ

1. ಮೊದಲು ಎಲ್ಲವನ್ನೂ ಮೇಜಿನ ಮೇಲಿಟ್ಟು ಜೋಡಿಸಿ. ಒಂದೊಂದು ಸೆನ್ಸರನ್ನೂ ಪ್ಯಾನೆಲ್‌ಗೆ ಪರಿಚಯಿಸಿ, “ಮುಂಬಾಗಿಲು”, “ಹಿತ್ತಲು”, “ಚೈತ್ಯಾಲಯ” ಎಂದು ಹೆಸರು ಕೊಡಿ. ಕಂಪನಿಯವರು ಕೊಟ್ಟ ಗುಪ್ತಸಂಖ್ಯೆಯನ್ನು ಆಗಲೇ ಬದಲಿಸಿ.

2. ಪ್ಯಾನೆಲನ್ನು ಬಾಗಿಲು, ಕಿಟಕಿಗಳಿಂದ ಕಾಣದ ಒಳಕೋಣೆಯಲ್ಲಿಡಿ. ಕಬ್ಬಿಣದ ಬೀರುವಿನ ಹಿಂದೆ ಬೇಡ. ಮಣ್ಣಿನ ಅಥವಾ ಮುರಕಲ್ಲಿನ ದಪ್ಪ ಗೋಡೆ, ಲೋಹದ ಸಾಮಾನು ಸಂಕೇತವನ್ನು ಕುಗ್ಗಿಸುತ್ತವೆ.

3. ಬಾಗಿಲಿನ ಸೆನ್ಸರ್ ಎರಡು ತುಂಡಾಗಿರುತ್ತದೆ. ದೊಡ್ಡದನ್ನು ಚೌಕಟ್ಟಿಗೆ, ಅಯಸ್ಕಾಂತದ ತುಂಡನ್ನು ಬಾಗಿಲಿಗೆ, ಎರಡೂ ಮನೆಯ ಒಳಬದಿಗೆ ಅಂಟಿಸಿ. ಬಾಗಿಲು ಮುಚ್ಚಿದಾಗ ನಡುವಿನ ಅಂತರ ಸುಮಾರು 1 ಸೆಂ.ಮೀ. ಒಳಗಿರಲಿ. ಅಂಟಿಸುವ ಮೊದಲು ಧೂಳು, ಎಣ್ಣೆ ಒರೆಸಿ. ಹಿತ್ತಲ ಬಾಗಿಲು, ಮಹಡಿಯ ಬಾಗಿಲು ಮರೆಯಬೇಡಿ.

4. ಓಡಾಟದ ಸೆನ್ಸರ್ ದೇಹದ ಶಾಖದ ಚಲನೆಯನ್ನು ಗುರುತಿಸುತ್ತದೆ. ಕೋಣೆಯ ಮೂಲೆಯಲ್ಲಿ ಸುಮಾರು 7 ಅಡಿ ಎತ್ತರದಲ್ಲಿ ಹಾಕಿ. ನೇರ ಎದುರಿಗೆ ಬರುವವರಿಗಿಂತ ಅಡ್ಡ ದಾಟುವವರನ್ನು ಅದು ಬೇಗ ಹಿಡಿಯುತ್ತದೆ. ಬಿಸಿಲು ಬೀಳುವ ಕಿಟಕಿ, ಒಲೆ, ಉರಿಯುವ ದೀಪದ ಕಡೆ ಮುಖ ಮಾಡಬಾರದು. ಆದ್ದರಿಂದ ಚೈತ್ಯಾಲಯದೊಳಗೆ ಬಾಗಿಲಿನ ಸೆನ್ಸರ್, ಅದರ ಹೊರಗಿನ ಪಡಸಾಲೆಗೆ ಓಡಾಟದ ಸೆನ್ಸರ್ ಸರಿ. ಸೆನ್ಸರ್ ಪೆಟ್ಟಿಗೆಯ ಸಂದುಗಳನ್ನು ಮುಚ್ಚಿಡಿ. ಇರುವೆ, ಹಲ್ಲಿ ಒಳಸೇರಿದರೆ ಸುಳ್ಳು ಅಲಾರಂ ಆಗುವುದಷ್ಟೇ ಅಲ್ಲ, ಜೀವಹಿಂಸೆಗೂ ಕಾರಣವಾಗುತ್ತದೆ.

5. ಸೈರನನ್ನು ಕೈಗೆಟುಕದ ಎತ್ತರದಲ್ಲಿ, ನೆರೆಯವರಿಗೆ ಕೇಳುವಂತೆ ಹಾಕಿ. ಕಳ್ಳನನ್ನು ಗಾಯಗೊಳಿಸುವ ವಿದ್ಯುತ್ ತಂತಿ, ಗಾಜಿನ ಚೂರು ಶ್ರಾವಕರ ಮನೆಗೆ ಒಪ್ಪುವುದಲ್ಲ. ಸದ್ದು ಮಾಡಿ ಓಡಿಸುವುದು ಅಹಿಂಸೆಗೂ ಹೊಂದುತ್ತದೆ, ಕೆಲಸವನ್ನೂ ಮಾಡುತ್ತದೆ.

ಪರೀಕ್ಷೆ ಮತ್ತು ನಿಗಾ

ಹೊರಡುವ ಹಿಂದಿನ ದಿನವಲ್ಲ, ಒಂದು ವಾರ ಮೊದಲೇ ಅಳವಡಿಸಿ. ಪ್ರತಿ ಬಾಗಿಲನ್ನೂ ತೆರೆದು ನೋಡಿ. ಒಮ್ಮೆ ಮೇನ್ ಸ್ವಿಚ್ ಆರಿಸಿಯೂ ಪರೀಕ್ಷಿಸಿ. ತಿಂಗಳಿಗೊಮ್ಮೆ, ಉದಾಹರಣೆಗೆ ಪ್ರತಿ ಹುಣ್ಣಿಮೆಯ ದಿನ, ಬ್ಯಾಟರಿ ಮತ್ತು ಸಿಮ್ ರೀಚಾರ್ಜ್ ನೋಡುವ ರೂಢಿ ಇಟ್ಟುಕೊಂಡರೆ ಮರೆಯುವುದಿಲ್ಲ. ರೀಚಾರ್ಜ್ ಮುಗಿದ ಸಿಮ್‌ನಿಂದ ಕರೆ ಬರುವುದಿಲ್ಲ.

ಅಲಾರಂ ಕರೆ ಹೋಗುವ ನಂಬರ್‌ಗಳಲ್ಲಿ ಊರಿನಲ್ಲೇ ಇರುವ ಒಬ್ಬರದ್ದು ಇರಲೇಬೇಕು. ಶಿಖರಜಿಯಲ್ಲಿ ಬೆಟ್ಟ ಹತ್ತುತ್ತಿರುವವರ ಫೋನಿಗೆ ಮಾತ್ರ ಸುದ್ದಿ ಬಂದರೆ ಏನು ಪ್ರಯೋಜನ? ನೆರೆಯವರು ಒಂಟಿಯಾಗಿ ಒಳನುಗ್ಗದೆ 112ಕ್ಕೆ ಕರೆ ಮಾಡಲಿ ಎಂದು ಮೊದಲೇ ಹೇಳಿಡಿ. ಹೊರಡುವಾಗ ಠಾಣೆಗೂ ತಿಳಿಸಿ. ಯಾತ್ರೆಯ ಫೋಟೋಗಳನ್ನು ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕುವುದು ಮನೆಗೆ ಮರಳಿದ ಮೇಲೆ ಇರಲಿ. ಜಿನಬಿಂಬಗಳ ಫೋಟೋ, ಅಳತೆ, ಪೀಠದ ಬರಹ ಮಾತ್ರ ಈಗಲೇ ದಾಖಲಿಸಿಡಿ. ಕಳವಾದರೆ ದೂರಿಗೂ ಗುರುತಿಗೂ ಅದೇ ಆಧಾರ.

ಯಾವ ಯಂತ್ರವೂ ಕಳ್ಳತನವನ್ನು ಪೂರ್ತಿ ತಡೆಯಲಾರದು. ಗಟ್ಟಿ ಚಿಲಕ, ಒಳ್ಳೆಯ ಬೀಗ, ಬ್ಯಾಂಕ್ ಲಾಕರ್‌ನಲ್ಲಿ ಒಡವೆ, ಒಳ್ಳೆಯ ನೆರೆಹೊರೆ ಇವು ಮೊದಲು. ಅಲಾರಂ ಅವುಗಳ ನಂತರದ್ದು. ಇಷ್ಟಾದರೆ ಮುಂದಿನ ಯಾತ್ರೆಯ ಬಸ್ಸಿನಲ್ಲಿ ಮನೆಯ ಹಿರಿಯರಿಗೂ ಒಂದು ಸೀಟು ಹಿಡಿಯಬಹುದು.

ಜೈ ಜಿನೇಂದ್ರ.