ತಡೆ ತೆರವಾದ ಮೇಲೆ ಹಾರ್ಮೋನಿನ ಪಾತ್ರ

ಸ್ತನಿಗಳ ಅಂಡಾಣು, ವರ್ಣತಂತುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸುವ ಮಿಯಾಸಿಸ್ ಎಂಬ ಕೋಶವಿಭಜನೆಯನ್ನು ಬಹಳ ಮೊದಲೇ, ಮನುಷ್ಯರಲ್ಲಂತೂ ಹುಟ್ಟುವ ಮುನ್ನವೇ, ಆರಂಭಿಸಿ ನಡುವೆಯೇ ನಿಂತುಬಿಡುತ್ತದೆ. ಈ ನಿಲುಗಡೆ ಮಹಿಳೆಯರಲ್ಲಿ 40 ವರ್ಷವನ್ನೂ ಮೀರಬಹುದು. ಅಂಡಾಶಯದಲ್ಲಿ ಅಂಡಾಣುವನ್ನು ಒಳಗಿಟ್ಟುಕೊಂಡ, ದ್ರವ ತುಂಬಿದ ಪುಟ್ಟ ಚೀಲಕ್ಕೆ ಪುಟಕವೆಂದು ಹೆಸರು. ಅದರ ಗೋಡೆಯ ಕೋಶಗಳಿಂದ ಹರಿದುಬರುವ ಸೈಕ್ಲಿಕ್ ಜಿಎಂಪಿ ಎಂಬ ಅಣು, ಅಂಡಾಣುವಿನೊಳಗಿನ ಸೈಕ್ಲಿಕ್ ಎಎಂಪಿ ಕುಸಿಯದಂತೆ ಕಾದು, ವಿಭಜನೆಯನ್ನು ತಡೆಹಿಡಿಯುತ್ತದೆ. ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನು ಉಕ್ಕಿ ಬಂದಾಗ ಈ ತಡೆ ಕಳಚುತ್ತದೆಯಾದರೂ ಹಾರ್ಮೋನು ಅಂಡಾಣುವನ್ನು ನೇರವಾಗಿ ಮುಟ್ಟುವುದಿಲ್ಲ. ಗೋಡೆಯ ಕೋಶಗಳು ಅದನ್ನು ಗ್ರಹಿಸಿ, ಆಂಫಿರೆಗ್ಯುಲಿನ್‌ನಂತಹ ಪ್ರೋಟೀನುಗಳ ಮೂಲಕ, ಅಂಡಾಣುವಿಗೆ ಅಂಟಿಕೊಂಡಿರುವ ಕ್ಯುಮುಲಸ್ ಕೋಶಗಳಿಗೆ ಸುದ್ದಿ ದಾಟಿಸುತ್ತವೆ.

ಹೀಗಿರುವಾಗ ಪ್ರಯೋಗಾಲಯದಲ್ಲೂ ಹಾರ್ಮೋನಿಲ್ಲದೆ ಅಂಡಾಣು ಕದಲದು ಎಂದು ಊಹಿಸುವುದು ಸಹಜ. ಆದರೆ 1935ರಲ್ಲಿ ವಿಜ್ಞಾನಿಗಳಾದ ಗ್ರೆಗರಿ ಪಿಂಕಸ್ ಮತ್ತು ಎನ್ಜ್‌ಮನ್, ಮೊಲದ ಅಂಡಾಣುವನ್ನು ಪುಟಕದಿಂದ ಹೊರತೆಗೆದರೆ ಸಾಕು, ಅದು ತಾನಾಗಿಯೇ ಮಾಗತೊಡಗುತ್ತದೆಂದು ತೋರಿಸಿದರು. ಮನುಷ್ಯರ ಅಂಡಾಣುವಿಗೆ ಸುಮಾರು 12 ಗಂಟೆ ಸಾಕೆಂಬ ಪಿಂಕಸ್‌ರ ಮುಂದಿನ ಹೇಳಿಕೆಯನ್ನು ನಂಬಿ ಹೊರಟ ವಿಜ್ಞಾನಿ ರಾಬರ್ಟ್ ಎಡ್ವರ್ಡ್ಸ್, ಅಷ್ಟು ಹೊತ್ತಿಗೆ ಯಾವ ಬದಲಾವಣೆಯನ್ನೂ ಕಾಣದೆ, ಇನ್ನಷ್ಟು ಕಾದು ನೋಡಿ, ಅದಕ್ಕೆ 36 ಗಂಟೆಯಾದರೂ ಬೇಕೆಂದು 1965ರಲ್ಲಿ ಪ್ರಕಟಿಸಿದರು. ಪ್ರನಾಳ ಶಿಶುವಿನ ಹಾದಿ ತೆರೆದದ್ದು ಹಾರ್ಮೋನಿಗಿಂತ ಹೆಚ್ಚಾಗಿ ಈ ತಾಳ್ಮೆಯೇ ಎಂದರೆ ತಪ್ಪಾಗದು.

ಹಾಗಾದರೆ ಕೃಷಿಮಾಧ್ಯಮಕ್ಕೆ, ಅಂದರೆ ಅಂಡಾಣುವನ್ನಿರಿಸುವ ಪೋಷಕ ದ್ರವಕ್ಕೆ, ಹಾರ್ಮೋನು ಬೆರೆಸುವುದೇಕೆ? ವರ್ಣತಂತುಗಳು ಮುಂದಿನ ಹಂತಕ್ಕೆ ಸರಿದ ಮಾತ್ರಕ್ಕೆ ಅಂಡಾಣು ಮಾಗಿತೆನ್ನಲಾಗದು. ಭ್ರೂಣವನ್ನು ಬೆಳೆಸಬಲ್ಲ ಶಕ್ತಿ ಅದರ ಕೋಶರಸಕ್ಕೂ ಬರಬೇಕು. ಎಫ್‌ಎಸ್‌ಎಚ್ ಹಾರ್ಮೋನು ಕ್ಯುಮುಲಸ್ ಕೋಶಗಳಿಂದ ಲೋಳೆಯಂತಹ ಹಯಲುರೊನಾನ್ ಒಸರಿಸಿ ಅವುಗಳ ಮುದ್ದೆಯನ್ನು ಅರಳಿಸುತ್ತದೆ. ಇಲಿಯ ಅಂಡಾಣುವನ್ನು ಔಷಧದಿಂದ ತಡೆದಿಟ್ಟಾಗಲೂ ಎಫ್‌ಎಸ್‌ಎಚ್ ಆ ತಡೆಯನ್ನು ಮೀರಿಸಬಲ್ಲದು. ಆದರೆ ಕ್ಯುಮುಲಸ್ ಕೋಶಗಳನ್ನು ಸುಲಿದುಹಾಕಿದ್ದರೆ ಅದರ ಆಟ ನಡೆಯದು.

ಪ್ರಾಣಿಯಿಂದ ಪ್ರಾಣಿಗೆ ಲೆಕ್ಕ ಬದಲಾಗುತ್ತದೆ. ಹಸು ಮತ್ತು ಎಮ್ಮೆಗಳ ಅಂಡಾಣುವಿಗೆ ಸುಮಾರು 24 ಗಂಟೆ ಸಾಕು. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯಲ್ಲಿ 1990ರಲ್ಲಿ ಹುಟ್ಟಿದ ಪ್ರಥಮ್, ಪ್ರನಾಳ ವಿಧಾನದ ಮೊದಲ ಎಮ್ಮೆಗರು. ಹಂದಿಯ ಅಂಡಾಣುವಿಗೆ 40ರಿಂದ 44 ಗಂಟೆ ಬೇಕು, ಮತ್ತು ಹಾರ್ಮೋನನ್ನು ಸಾಮಾನ್ಯವಾಗಿ ಮೊದಲರ್ಧದಲ್ಲಷ್ಟೇ ಕೊಟ್ಟು ಆಮೇಲೆ ತೆಗೆದುಬಿಡಲಾಗುತ್ತದೆ. ಹೆಣ್ಣುನಾಯಿಯದು ಬೇರೆಯೇ ದಾರಿ: ಅದರ ಅಂಡಾಣು ಮಾಗದೆಯೇ ಅಂಡಾಶಯದಿಂದ ಹೊರಬಿದ್ದು, ಪ್ರೊಜೆಸ್ಟರಾನ್ ಏರಿರುವ ದೇಹದ ಅಂಡನಾಳದಲ್ಲಿ ಎರಡು ಮೂರು ದಿನ ಕಳೆದು ಮಾಗುತ್ತದೆ. ಈ ಪರಿಸರವನ್ನು ಗಾಜಿನ ತಟ್ಟೆಯಲ್ಲಿ ಅನುಕರಿಸುವುದು ಎಷ್ಟು ಕಷ್ಟವೆಂದರೆ, 2015ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಪ್ರಕಟಿಸಿದ ಮೊದಲ ಪ್ರನಾಳ ನಾಯಿಮರಿಗಳಿಗೂ, ತಾಯಿನಾಯಿಯ ಅಂಡನಾಳದಲ್ಲಿಯೇ ಮಾಗಿದ ಅಂಡಾಣುಗಳನ್ನು ಬಳಸಬೇಕಾಯಿತು.