ಬೇಸಗೆಯ ಹುಲ್ಲುಹಾಸು: ಬಾಯಾರಿಕೆಯೋ, ರೋಗವೋ?

ಗುರುಪುರ ಹೊಳೆಯ ದಡದಲ್ಲಿರುವ ಕೂಳೂರಿನಂತಹ ಊರುಗಳಲ್ಲಿ ಮನೆಯ ಮುಂದೆ ಹುಲ್ಲುಹಾಸನ್ನು ಬೆಳೆಸುವವರಿಗೆ ಏಪ್ರಿಲ್, ಮೇ ತಿಂಗಳುಗಳು ಪರೀಕ್ಷೆಯ ಕಾಲ. ನಿನ್ನೆಯವರೆಗೆ ಹಸುರಾಗಿದ್ದ ನೆಲದಲ್ಲಿ ಒಂದು ಬೆಳಗ್ಗೆ ಕಂದು ಮಚ್ಚೆ ಕಾಣಿಸುತ್ತದೆ. ನೀರು ಸಾಲದೆಂದು ಭಾವಿಸಿ ಸಂಜೆ ಮತ್ತಷ್ಟು ನೀರೆರೆಯುತ್ತೇವೆ. ವಾಸಿಯಾಗದಿದ್ದರೆ ಸಿಕ್ಕಿದ ಔಷಧವನ್ನು ಸಿಂಪಡಿಸುತ್ತೇವೆ. ಆದರೆ ನಮ್ಮ ಕರಾವಳಿಯ ಮನೆಗಳಲ್ಲಿ ಬಾವಿಯು ಅಂಗಳದಲ್ಲಿಯೇ ಇರುವುದು. ಸಡಿಲವಾದ ಈ ಮಣ್ಣು ಮೇಲೆ ಹೊಯ್ದುದನ್ನು ಬೇಗನೆ ಕೆಳಗಿಳಿಸುತ್ತದೆ. ಆದಕಾರಣ ವಿಷವನ್ನು ಕೈಗೆತ್ತಿಕೊಳ್ಳುವ ಮೊದಲು ಮಚ್ಚೆಯ ಕಾರಣವನ್ನು ವಿಚಾರಿಸತಕ್ಕದ್ದು.

ಬಾಯಾರಿದ ಹುಲ್ಲಿನ ಎಲೆ ಮಡಿಚಿಕೊಂಡು ನೀಲಿಗಪ್ಪಾಗುತ್ತದೆ. ಅದರ ಮೇಲೆ ನಡೆದರೆ ಹೆಜ್ಜೆಯ ಗುರುತು ಏಳದೆ ಉಳಿಯುತ್ತದೆ. ನೀರು ಸಿಕ್ಕಿದರೆ ಅದು ಚೇತರಿಸಿಕೊಳ್ಳುವುದು. ಇನ್ನೊಂದು ಕಾರಣ ಉಪ್ಪು. ಕೂಳೂರಿನವರೆಗೂ ಹೊಳೆಗೆ ಭರತ ಇಳಿತಗಳುಂಟು. ಬೇಸಗೆಯಲ್ಲಿ ದಡದ ಕೆಲವು ಬಾವಿಗಳ ನೀರು ಸವುಳಾಗುತ್ತದೆ. ಅಂತಹ ನೀರೆರೆದರೆ ಎಲೆಯು ತುದಿಯಿಂದ ಕೆಳಕ್ಕೆ ಸುಟ್ಟಂತಾಗುವುದು. ನೀರನ್ನು ನಾಲಗೆಗೆ ಮುಟ್ಟಿಸಿ ನೋಡಿದರೆ ಸಂಶಯ ತೀರುತ್ತದೆ. ಗಣಪತಿಗೆ ಏರಿಸುವ ನಮ್ಮ ಗರಿಕೆ ಉಪ್ಪನ್ನು ಸಾಕಷ್ಟು ತಡೆದುಕೊಳ್ಳಬಲ್ಲದು.

ನಿಜವಾದ ರೋಗದ ಲಕ್ಷಣ ಬೇರೆ. ರೈಜೋಕ್ಟೋನಿಯ ಎಂಬ ಶಿಲೀಂಧ್ರದಿಂದ ಬರುವ ಮಚ್ಚೆ ದುಂಡಗಿದ್ದು, ಗೇಣಗಲದಿಂದ ಹಲವು ಅಡಿಗಳವರೆಗೆ ಹರಡುತ್ತದೆ. ಬಿಸಿಲೇರುವ ಮುನ್ನ ನೋಡಿದರೆ ಅಂಚಿನಲ್ಲಿ ಜೇಡರ ನೂಲಿನಂತಹ ಬಿಳಿಯ ಎಳೆಗಳು ಕಂಡು, ಇಬ್ಬನಿ ಆರಿದೊಡನೆ ಮಾಯವಾಗುತ್ತವೆ. ಎಲೆಯನ್ನು ಮೆಲ್ಲಗೆ ಎಳೆದರೆ ಬುಡ ಕೊಳೆತು ಕಿತ್ತುಬರುತ್ತದೆ. ಗದ್ದೆಯ ಭತ್ತದಲ್ಲಿ ಎಲೆಕವಚವನ್ನು ಒಣಗಿಸುವ ಶಿಲೀಂಧ್ರವೂ ಇದೇ ಕುಲದ್ದು. ಅಗಲ ಎಲೆಯ ಹುಲ್ಲುಗಳಲ್ಲಿ ಬೂದು ಚುಕ್ಕೆಗಳನ್ನೆಬ್ಬಿಸುವುದು ಭತ್ತದ ಬೆಂಕಿರೋಗದ ಬಂಧು. ಹುಲ್ಲೂ ಭತ್ತವೂ ಒಂದೇ ಮನೆತನದವಲ್ಲವೆ?

ಈ ಶಿಲೀಂಧ್ರಗಳಿಗೆ ಬೇಕಾದುದು ಸೆಕೆ ಮತ್ತು ಬಹುಹೊತ್ತು ಒದ್ದೆಯಾಗಿರುವ ಎಲೆ. ನಮ್ಮ ಮೇ ತಿಂಗಳ ರಾತ್ರಿಗಳಲ್ಲಿ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ ಸೆಕೆಗೆ ಕೊರತೆಯಿಲ್ಲ. ಒದ್ದೆಯನ್ನು ಸಂಜೆಯ ನೀರಿನಿಂದ ನಾವೇ ಒದಗಿಸುತ್ತೇವೆ. ಆದುದರಿಂದ ನೀರನ್ನು ಮುಂಜಾನೆ ಹಾಯಿಸಬೇಕು. ದಿನವೂ ಚಿಮುಕಿಸುವುದಕ್ಕಿಂತ ಎರಡು ಮೂರು ದಿನಗಳಿಗೊಮ್ಮೆ ನಾಲ್ಕಂಗುಲ ಆಳ ನೆನೆಯುವಂತೆ ಕೊಡುವುದು ಮೇಲು. ಮಚ್ಚೆ ಹರಡುತ್ತಿರುವಾಗ ಯೂರಿಯ ಹಾಕಕೂಡದು. ಹುಲ್ಲನ್ನು ಒಣಗಿರುವಾಗಲೇ ಕತ್ತರಿಸಿ, ಎತ್ತರದ ಮೂರನೆಯ ಒಂದಂಶಕ್ಕಿಂತ ಹೆಚ್ಚು ತೆಗೆಯದಿರಬೇಕು. ಎರಡಂಗುಲದ ಸಣ್ಣ ಬಿಳಿಚು ಚುಕ್ಕೆಗಳ ರೋಗ ಮಾತ್ರ ಹಸಿದ ಹುಲ್ಲಿಗೆ ಬರುವಂಥದು. ಅದಕ್ಕೆ ತುಸು ಗೊಬ್ಬರವೇ ಮದ್ದು.

ತೋಟವುಳ್ಳವರು ಅಡಿಕೆಗೆ ಕಲಸಿದ ಬೋರ್ಡೋ ದ್ರಾವಣವನ್ನು ಹುಲ್ಲಿಗೂ ಹೊಡೆದುಬಿಡೋಣವೆಂದು ಹೊರಡಬಹುದು. 1910ರಲ್ಲಿ ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಕುರಿತು ಅಧ್ಯಯನವನ್ನು ಪ್ರಕಟಿಸಿದ ಕಾಲದಿಂದ ಅಡಿಕೆಗೆ ಅದು ಮಾಡಿರುವ ಉಪಕಾರ ದೊಡ್ಡದು. ಆದರೆ ಕೊಳೆರೋಗದ ಜೀವಿ ನಿಜವಾದ ಶಿಲೀಂಧ್ರಗಳ ಗುಂಪಿಗೇ ಸೇರದು. ಮೈಲುತುತ್ತಿನ ತಾಮ್ರ ಹುಲ್ಲನ್ನು ಸುಡಬಹುದು. ಮಣ್ಣಿನಲ್ಲಿ ವರ್ಷವರ್ಷವೂ ಕೂಡುತ್ತಲೂ ಹೋಗುತ್ತದೆ.

ಇಷ್ಟಾದರೂ ಮಚ್ಚೆ ನಿಲ್ಲದಿದ್ದರೆ ಮಂಗಳೂರಿನ ಕಂಕನಾಡಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಮಾದರಿಗೆ ನಡುವಿನ ಸತ್ತ ಹುಲ್ಲನ್ನು ಬಿಟ್ಟು, ಅರ್ಧ ಹಸುರು ಅರ್ಧ ಕಂದಾದ ಅಂಚಿನ ತುಂಡನ್ನು ಬೇರುಸಹಿತ ಅಗೆದು, ಕಾಗದದಲ್ಲಿ ಸುತ್ತಿ ಅದೇ ದಿನ ಒಯ್ಯಬೇಕು.